ಎರಡು ಗಂಟೆಯ ಪೂಜೆ

ಪುಣೆಯಲ್ಲಿ ಆಗ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊರಿಗೆ ಊರೇ ಮಲಗುತ್ತಿತ್ತು. ಅಂಗಡಿಯವರು ಅರ್ಧ ಬಾಗಿಲು ಎಳೆದುಕೊಂಡು ಗಾದಿಯ ಮೇಲೆಯೇ ಉರುಳುತ್ತಿದ್ದರು. ಆ ಹೊತ್ತಿನಲ್ಲಿ ಯಾರ ಮನೆಯ ಕದ ತಟ್ಟಿದರೂ ಬೈಸಿಕೊಳ್ಳುವುದು ಖಂಡಿತ. ಹೊಸದಾಗಿ ಬಂದವರು ಇದನ್ನು ಆಡಿಕೊಂಡು ನಗುತ್ತಿದ್ದರು. ನಾನು ಮಾತ್ರ ಎಂದೂ ನಗಲಿಲ್ಲ. ಆ ಊರಿನ ನಿದ್ದೆಯಿಂದ ನನ್ನ ಮಾನ ಉಳಿದಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಪೇಟೆಯೊಳಗಿನ ಒಂದು ಹಳೆಯ ವಾಡೆಯ ಮಹಡಿಯಲ್ಲಿ ಕೋಣೆ ಹಿಡಿದು ಒಬ್ಬಳೇ ಇದ್ದೆ. ನಡುವೆ ಅಂಗಳ, ಸುತ್ತ ಹನ್ನೊಂದು ಸಂಸಾರ, ಹಿತ್ತಲಲ್ಲಿ ಎಲ್ಲರಿಗೂ ಸೇರಿ ನಾಲ್ಕು ಸಂಡಾಸ. ಬೆಳಗ್ಗೆ ಅವುಗಳ ಮುಂದೆ ಸಾಲು ಹಚ್ಚುತ್ತಿದ್ದದ್ದು ಮನುಷ್ಯರಲ್ಲ, ತಂಬಿಗೆಗಳು. ನೀರು ತುಂಬಿದ ತಂಬಿಗೆಯನ್ನು ಸಾಲಿನಲ್ಲಿಟ್ಟು ಹೋಗಿ ಹಲ್ಲುಜ್ಜಿ, ಚಹಾ ಕುಡಿದು ಬಂದರೂ ಸರದಿ ತಪ್ಪುತ್ತಿರಲಿಲ್ಲ. ಆದರೆ ಒಳಗೆ ಹೋದವರು ಐದು ನಿಮಿಷ ಮೀರಿದರೆ ಬಾಗಿಲು ಬಡಿಯುತ್ತಿದ್ದರು, ಹತ್ತು ನಿಮಿಷವಾದರೆ ಅವರ ಮನೆತನವನ್ನೇ ಎತ್ತಿ ಆಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಮುಕ್ಕಾಲು ಗಂಟೆ.

ಅದು ಯಾಕೆ ಎಂದು ಹೇಳಿಬಿಡುತ್ತೇನೆ. ಇಷ್ಟು ವರ್ಷ ಹೇಳದೆ ಕಳೆದದ್ದು ಸಾಕು.

ನನಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ, ಒಂದು ಮಳೆಗಾಲದ ಬೆಳಗ್ಗೆ, ತುಂಬಿದ ಕೊಡ ಹೊತ್ತುಕೊಂಡು ವಾಡೆಯ ಮರದ ಮೆಟ್ಟಿಲು ಹತ್ತುವಾಗ ಕಾಲು ಜಾರಿತು. ಕೊಡ ಅಂಗಳಕ್ಕೆ ಹೋಯಿತು, ನಾನು ಹನ್ನೆರಡು ಮೆಟ್ಟಿಲ ಮೇಲೆ ಕುಳಿತೇ ಇಳಿದೆ. ನೋಡಿದವರು ಮೊದಲು ನಕ್ಕರಂತೆ. ಬೆನ್ನಿನ ಕೆಳಗಿನ ಮೂಳೆಯೊಳಗೆ ನರಗಳ ಒಂದು ಗೊಂಚಲು ಜಜ್ಜಿ ಹೋಗಿತ್ತು. ಆಪರೇಷನ್ ಆಯಿತು. ಮೂರು ತಿಂಗಳು ಹಾಸಿಗೆ ಹಿಡಿದೆ. ಕಾಲುಗಳು ಮರಳಿ ಬಂದವು, ಎಡಗಾಲು ಸ್ವಲ್ಪ ಎಳೆಯುತ್ತದೆ ಅಷ್ಟೆ. ಮೂತ್ರದ್ದೂ ಹೇಗೋ ಹಿಡಿತಕ್ಕೆ ಬಂತು. ಬಾರದೆ ಉಳಿದದ್ದು ಒಂದೇ. ಹಿಂದಿನ ದಾರಿಗೆ ಹೋಗುವ ನರಗಳು ಸತ್ತಿದ್ದವು. ಹೊರಗೆ ಹೋಗಬೇಕು ಎಂಬ ಸೂಚನೆಯೇ ನನಗೆ ಬರುತ್ತಿರಲಿಲ್ಲ. ತಳ್ಳಲು ಬಲವಿಲ್ಲ, ತಡೆಯಲೂ ಬಲವಿಲ್ಲ. ಮೂರು ದಿನ ಏನೂ ಇಲ್ಲದೆ ಹೊಟ್ಟೆ ಕಲ್ಲಾಗುತ್ತಿತ್ತು. ನಾಲ್ಕನೆಯ ದಿನ, ಹೊತ್ತಿಲ್ಲ ಗೊತ್ತಿಲ್ಲ, ನಿಂತಲ್ಲಿ ನಿಂತ ಹಾಗೆಯೇ ಆಗಿಬಿಡುತ್ತಿತ್ತು. ನನಗೆ ಸುದ್ದಿ ಹೇಳುತ್ತಿದ್ದದ್ದು ನನ್ನ ಮೂಗು.

ಆಸ್ಪತ್ರೆಯಲ್ಲಿ ಬೆಳಗಾವಿ ಕಡೆಯ ಒಬ್ಬ ವಯಸ್ಸಾದ ನರ್ಸಬಾಯಿ ಇದ್ದಳು. ಡಾಕ್ಟರರು ಈ ವಿಷಯ ಬಂದಾಗಲೆಲ್ಲ ಕಾಗದದ ಮೇಲೆ ಏನೋ ಬರೆಯುತ್ತ ಹೊರಗೆ ಹೋಗುತ್ತಿದ್ದರು. ಈಕೆ ಮಾತ್ರ ಪರದೆ ಎಳೆದು, ಸ್ಟೂಲಿನ ಮೇಲೆ ಕುಳಿತು, ಅಡುಗೆ ಹೇಳಿಕೊಡುವಂತೆ ಹೇಳಿಕೊಟ್ಟಳು.

"ನಿಮ್ಮ ಹೊಟ್ಟಿಗೆ ಹೊತ್ತು ಕಲಸ್ರಿ. ಉಂಡ ಮ್ಯಾಲೆ ಅರ್ಧಾ ತಾಸಿಗೆ ಕರುಳು ತಾನ ಮುಂದ ದೂಡತದ, ಅದು ಎಲ್ಲಾರಿಗೂ ಇರೂದ. ಆ ಹೊತ್ತಿಗೆ ದಿನಾ ಹೋಗಿ ಕುಂಡ್ರಬೇಕು. ಒಂದ ದಿನಾನೂ ತಪ್ಪಸಬಾರದು. ಉಳದದ್ದನ್ನ ಕೈಲೆ ತಗೀರಿ."

"ಕೈಲೆ?" ಎಂದು ನಾನು ಕೇಳಿದೆ.

"ಹೌದ್ರಿ, ಕೈಲೆ. ಬ್ಯಾರೆಯವರ ಕೈಗಿಂತ ನಿಮ್ಮ ಕೈನ ಚಲೋ ಅಲ್ಲೇನ್ರಿ?"

ಎರಡು ಜೊತೆ ಹಳೆಯ ರಬ್ಬರ್ ಕೈಚೀಲ, ಅಂದರೆ ಕೈಗವಸು, ಕೊಟ್ಟಳು. ತೊಳೆದು, ಒಣಗಿಸಿ, ಪೌಡರ್ ಹಾಕಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತವೆ ಎಂದಳು. ಬೆರಳಿಗೆ ಕೊಬ್ಬರಿ ಎಣ್ಣೆ. ಊಟದಲ್ಲಿ ಏನು ಸಡಿಲ ಮಾಡುತ್ತದೆ, ಏನು ಗಟ್ಟಿ ಮಾಡುತ್ತದೆ ಎಂದು ನಾನೇ ಕಂಡುಕೊಳ್ಳಬೇಕು. ಒಮ್ಮೆ ಕಂಡುಕೊಂಡ ಮೇಲೆ ಅದನ್ನೇ ಉಣ್ಣಬೇಕು, ದಿನವೂ, ಅದೇ ಹೊತ್ತಿಗೆ. ನಾನು ಕಂಡುಕೊಂಡದ್ದು ಎರಡು ಜೋಳದ ರೊಟ್ಟಿ, ತೊಗರಿಬೇಳೆಯ ಕಟ್ಟು, ಹಿಡಿ ಅನ್ನ, ಒಂದು ಬಟ್ಟಲು ಗಟ್ಟಿ ಮೊಸರು. ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಬಿಡಬೇಕಾಯಿತು. ವಿಜಾಪುರದವಳು ಶೇಂಗಾ ಹಿಂಡಿ ಬಿಟ್ಟು ರೊಟ್ಟಿ ತಿನ್ನುವುದೆಂದರೆ ಏನೆಂದು ಆ ಕಡೆಯವರಿಗೇ ಗೊತ್ತು. ಕಾಲು ಎಳೆಯುವುದಕ್ಕೆ ನಾನು ಅತ್ತಿಲ್ಲ, ಹಿಂಡಿಗೆ ಅತ್ತಿದ್ದೇನೆ.

ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಕೂರಲು ಆ ವಾಡೆಯಲ್ಲಿ ಒಂದೇ ಹೊತ್ತು ಇತ್ತು, ಎಲ್ಲರೂ ಮಲಗುವ ಹೊತ್ತು. ನಾನು ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಮಕ್ಕಳೆಲ್ಲ ಗುಲ್ಬರ್ಗಾ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಂದೇ ಕಟ್ಟಡದಲ್ಲಿ ಎರಡು ಪಾಳಿ. ಬೆಳಗಿನದು ಏಳರಿಂದ ಹನ್ನೆರಡು, ಮಧ್ಯಾಹ್ನದ್ದು ಹನ್ನೆರಡರಿಂದ ಐದು. ನನ್ನದು ಬೆಳಗಿನ ಪಾಳಿ. ಹನ್ನೆರಡಕ್ಕೆ ಬಿಟ್ಟು, ಒಂದಕ್ಕೆ ಮನೆ ಸೇರಿ, ಒಂದೂವರೆಗೆ ಉಂಡು, ಬಿಸಿ ಚಹಾ ಕುಡಿದು, ಎರಡಕ್ಕೆ ಸರಿಯಾಗಿ ಸೆರಗಿನಲ್ಲಿ ಎಣ್ಣೆಯ ಬಾಟಲಿ ಮತ್ತು ಕೈಚೀಲ ಮುಚ್ಚಿಕೊಂಡು, ತಂಬಿಗೆಯ ಬದಲು ಬಕೆಟ್ಟು ಹಿಡಿದು, ಗೊರಕೆ ಹೊಡೆಯುವ ಹನ್ನೊಂದು ಮನೆಗಳನ್ನು ದಾಟಿ ಹಿತ್ತಲಿಗೆ ಹೋಗುತ್ತಿದ್ದೆ. ಆರು ತಿಂಗಳಲ್ಲಿ ನನ್ನ ಹೊಟ್ಟೆ ಹೊತ್ತು ಕಲಿಯಿತು. ಎರಡನೆಯ ಇಯತ್ತೆಯ ಮಕ್ಕಳಿಗೆ ಮಗ್ಗಿ ಕಲಿಸುವುದು ಇದಕ್ಕಿಂತ ಕಷ್ಟ.

ಮಹಡಿಯ ಪಕ್ಕದ ಮನೆಯ ಹೆಂಗಸು ಒಮ್ಮೆ ಹಗ್ಗದ ಮೇಲಿನ ನನ್ನ ಲಂಗದ ಕೆಳಗೆ ಒಣಗುತ್ತಿದ್ದ ಕೈಚೀಲ ನೋಡಿ, ಇದೇನು ಎಂದು ಮರಾಠಿಯಲ್ಲಿ ಕೇಳಿದಳು. ಖಾರ ಕುಟ್ಟುವಾಗ ಹಾಕಿಕೊಳ್ಳುತ್ತೇನೆ ಎಂದೆ. ನನಗೂ ಒಂದು ಜೊತೆ ತಂದುಕೊಡಿ ಎಂದು ಬೆನ್ನು ಹತ್ತಿದಳು.

ಬಿದ್ದ ವರ್ಷ ನನಗೊಂದು ಸಂಬಂಧ ಬಂದಿತ್ತು, ಮಾತು ಅರ್ಧ ಆಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಬೇಡವೆಂದು ಊರಿಗೆ ಕಾಗದ ಬರೆದೆ. ಅಣ್ಣ ಒಂದು ಸಲ ಯಾಕೆ ಎಂದು ಕೇಳಿದ, ಕಾಲು ಎಂದೆ, ಮತ್ತೆ ಕೇಳಲಿಲ್ಲ. ಎರಡನೆಯ ಸಲ ಕೇಳಿದ್ದರೆ ಹೇಳುತ್ತಿದ್ದೆನೇನೋ. ಯಾರೂ ಎರಡನೆಯ ಸಲ ಕೇಳದಿರುವುದರಲ್ಲೇ ನನ್ನ ಆಯುಷ್ಯದ ಬಹುಪಾಲು ಹೋಯಿತು.

ಇನ್ನು ಉಪವಾಸದ ಕಥೆ. ವಾಡೆಯಲ್ಲಿ ಒಂದು ಸತ್ಯನಾರಾಯಣ ಪೂಜೆಯಾಯಿತು. ಪ್ರಸಾದ ಬೇಡವೆನ್ನಲು ಬಾಯಿ ಬರಲಿಲ್ಲ. ತುಪ್ಪ ಇಳಿಯುವ ಸಜ್ಜಿಗೆ, ಒಂದು ಮುಷ್ಟಿ ತಿಂದೆ. ಮರುದಿನ ಬೆಳಗ್ಗೆ ಶಾಲೆಗೆ ಹೋಗುವ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ, ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಚ್ಚಿ ಆಚೀಚೆ ನೋಡತೊಡಗಿದಳು. ನನ್ನ ಮೂಗಿಗೂ ಅದೇ ಹೊತ್ತಿಗೆ ತಿಳಿಯಿತು. ಮುಂದಿನ ಸ್ಟಾಪಿನಲ್ಲಿ ಇಳಿದೆ. ಪುಸ್ತಕದ ಚೀಲವನ್ನು ಹಿಂದೆ ಹಿಡಿದುಕೊಂಡು, ಗೋಡೆಗಳ ಬದಿಗೆ ಬದಿಗೆ, ಎರಡು ಮೈಲು ನಡೆದು ಮನೆಗೆ ಬಂದೆ. ಅಂದೇ ನಿರ್ಧರಿಸಿದೆ, ಇನ್ನು ಹೊರಗೆ ಒಂದು ತುತ್ತೂ ಇಲ್ಲ.

ಆದರೆ ಉಣ್ಣುವುದಿಲ್ಲ ಎಂದು ಸುಮ್ಮನೆ ಹೇಳಿದರೆ ಜನ ಬಿಡುತ್ತಾರೆಯೇ? ಜಾತಿ ನೋಡುತ್ತಾಳೆ ಎನ್ನುತ್ತಾರೆ, ಸೊಕ್ಕು ಎನ್ನುತ್ತಾರೆ. ಉಪವಾಸ ಎಂದರೆ ಮಾತ್ರ ಕೈಮುಗಿದು ಬಿಡುತ್ತಾರೆ. ಪುಣೆಯಲ್ಲಿ ವಾರಕ್ಕೊಂದು ದೇವರು, ದೇವರಿಗೊಂದು ಉಪವಾಸ. ನಾನು ಸೋಮವಾರದಿಂದ ಶುರುಮಾಡಿದೆ. ಮಂಗಳವಾರ ಗಣಪತಿ, ಗುರುವಾರ ದತ್ತ, ಶುಕ್ರವಾರ ದೇವಿ, ಶನಿವಾರ ಮಾರುತಿ, ರವಿವಾರ ಸೂರ್ಯ. ಮೇಲೆ ಏಕಾದಶಿ, ಸಂಕಷ್ಟಿ. ಬುಧವಾರಕ್ಕೆ ಮಾತ್ರ ನನಗೆ ದೇವರು ಸಿಗಲಿಲ್ಲ, ಬುಧವಾರ ಯಾರಾದರೂ ಕರೆದರೆ ತಲೆನೋವು ಬರುತ್ತಿತ್ತು. ಉಪವಾಸ ಎಂದರೆ ಇಲ್ಲಿ ಸಾಬೂದಾಣಿ ಖಿಚಡಿ ತಂದು ಮುಂದಿಡುತ್ತಾರೆ, ಅದರಲ್ಲಿ ಮುಕ್ಕಾಲು ಭಾಗ ಶೇಂಗಾ. ಹಾಗಾಗಿ ನನ್ನದು ನೀರೂ ಮುಟ್ಟದ ಉಪವಾಸ ಎಂದು ಹೇಳಬೇಕಾಯಿತು. ಮನೆಗೆ ಬಂದು ಎರಡು ರೊಟ್ಟಿ ಹೊಡೆಯುತ್ತಿದ್ದೆ.

ಎರಡು ವರ್ಷಗಳಲ್ಲಿ ನಾನು ಭಾರೀ ದೈವಭಕ್ತೆಯಾಗಿಬಿಟ್ಟೆ. ವಾಡೆಯವರು ತಮ್ಮ ಮಕ್ಕಳ ಪರೀಕ್ಷೆಗೆ ನನ್ನ ಕೈಯಿಂದ ಕುಂಕುಮ ಹಚ್ಚಿಸುತ್ತಿದ್ದರು. ಶಾಲೆಯ ಜವಾನ ಹೊಸ ಸೈಕಲ್ ತಂದಾಗ ನನ್ನಿಂದ ಮುಟ್ಟಿಸಿದ. ನಗು ಬರುತ್ತಿತ್ತು. ಆದರೆ ಹಂಚಿಕೊಂಡು ನಗಲು ಒಬ್ಬರಾದರೂ ಬೇಕಲ್ಲ. ಶಾಲೆಯಲ್ಲಿ ಮಧ್ಯದ ಬಿಡುವಿಗೆ ಎಲ್ಲರೂ ಡಬ್ಬಿ ಬಿಚ್ಚಿ, ಒಬ್ಬರ ಪಲ್ಯ ಒಬ್ಬರು ಹಂಚಿಕೊಂಡು ಉಣ್ಣುವಾಗ ನಾನು ಕಿಟಕಿಯ ಹತ್ತಿರ ಕುಳಿತು ಮಕ್ಕಳ ವಹಿ ತಿದ್ದುತ್ತಿದ್ದೆ. ಕಿಟಕಿ ಯಾಕೆಂದರೆ ಗಾಳಿ ಹೊರಗೆ ಹೋಗಲಿ ಎಂದು. ಬಿಸಿಲಿಗೆ ಮುಖ ಮಾಡಿ ಧ್ಯಾನ ಮಾಡುತ್ತಾರೆ ಎಂದು ಅವರು ಅಂದುಕೊಂಡಿದ್ದರು.

ನನ್ನ ಹತ್ತಿರ ಬಂದು ಕೂರುತ್ತಿದ್ದವಳು ಒಬ್ಬಳೇ. ಇಂಡಿ ಕಡೆಯವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಪಕ್ಕದ ತರಗತಿಯ ಶಿಕ್ಷಕಿ. ಎಲ್ಲರಿಗೂ ನಾನು ಬಾಯಾರು, ಆಕೆಗೆ ಅಕ್ಕಾರು. ನಾನು ತಂಗಿ ಎನ್ನುತ್ತಿದ್ದೆ. ಬಾಯಿ ತುಂಬ ಮಾತು, ಅದರಲ್ಲಿ ಅರ್ಧ ಗಂಡನ ಮೇಲಿನ ದೂರು. ಗಂಡ ಹಡಪಸರದ ಒಂದು ಕಾರಖಾನೆಯಲ್ಲಿ ಖಾಯಂ ಎರಡನೆಯ ಪಾಳಿ, ಮಧ್ಯಾಹ್ನ ಒಂದಕ್ಕೆ ಮನೆ ಬಿಟ್ಟರೆ ಮರಳುವುದು ಎಲ್ಲರೂ ಮಲಗಿದ ಮೇಲೆ. ಅವರಿಗೆ ಒಂದು ಹೆಣ್ಣುಮಗು ಹುಟ್ಟಿತು. ಬೆಳಗ್ಗೆ ಆಕೆ ಶಾಲೆಗೆ ಬಂದರೆ ಗಂಡ ಕೂಸು ನೋಡಿಕೊಳ್ಳುತ್ತಿದ್ದ. ಆಕೆ ಓಡುತ್ತ ಮನೆಗೆ ಹೋಗಿ ಕೂಸು ಕೈಗೆ ತೆಗೆದುಕೊಂಡರೆ ಅವನು ಕೆಲಸಕ್ಕೆ. ಬೆಳಗಿನ ಪಾಳಿ ಇದ್ದದ್ದರಿಂದ ಆ ಸಂಸಾರ ನಡೆಯುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗಲೂ ಹೇಳಲಾರೆ.

ಕೂಸಿಗೆ ಹತ್ತು ತಿಂಗಳಾಗಿದ್ದಾಗ, ಬೇಸಿಗೆ ರಜೆಗೆ ಮುಂಚೆ, ಹೆಡ್ ಮಾಸ್ತರರು ಎಲ್ಲರನ್ನೂ ಕರೆದು ಕೂರಿಸಿದರು. ಮಧ್ಯಾಹ್ನದ ಪಾಳಿಗೆ ಒಬ್ಬರು ಕಡಿಮೆ ಇದ್ದರು.

"ಬಾಯಾರ, ಜೂನ್‌ದಿಂದ ಎರಡ ವರ್ಷ ನೀವು ಮಧ್ಯಾಹ್ನಕ್ಕ ಬರ್ರಿ. ನಿಮಗೇನು ಮನ್ಯಾಗ ಹಿಂದ ಮುಂದ ಯಾರೂ ಇಲ್ಲ," ಎಂದರು ನನಗೆ. ಅವರ ಮಾತು ಸರಿಯಾಗಿಯೇ ಇತ್ತು.

"ಆಗೂದಿಲ್ರಿ ಸರ," ಎಂದೆ.

"ಯಾಕ್ರಿ?"

ಎಂಟು ಜನ ನನ್ನ ಮುಖ ನೋಡುತ್ತಿದ್ದರು, ಅವರಲ್ಲಿ ನಾಲ್ವರು ಗಂಡಸರು. ಎರಡು ಗಂಟೆಯ ಹೊತ್ತು ತಪ್ಪಿದರೆ ವಾರದೊಳಗೆ ತರಗತಿಯಲ್ಲಿ ಮಕ್ಕಳ ಮುಂದೆ ಆಗುತ್ತದೆ. ಹಾಗಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅಣ್ಣನ ಮನೆಯ ಹಿತ್ತಲ ಕೋಣೆ. ನಾಲಿಗೆಯ ತುದಿಗೆ ಬಂದದ್ದು ರೂಢಿಯ ಸುಳ್ಳು, ಈ ಸಲ ಸ್ವಲ್ಪ ದೊಡ್ಡದು.

"ಮಧ್ಯಾಹ್ನ ಎರಡಕ್ಕ ನಂದು ಪೂಜಾ ಅದ ರೀ ಸರ. ಮೌನ ಹಿಡದು ಮಾಡೂದು. ಹನ್ನೆರಡ ವರ್ಷದ ಸಂಕಲ್ಪ ಮಾಡೀನಿ, ನಡುವ ಬಿಡಾಂಗಿಲ್ಲ."

ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದರು. ನಾನು ಹೇಳಿದ್ದಕ್ಕೆ ಹೆಡ್ ಮಾಸ್ತರರು ಕುರ್ಚಿಯಲ್ಲಿ ನೆಟ್ಟಗಾದರು. "ಸಂಕಲ್ಪ ಮುರಿಸಿದ ಪಾಪ ನನಗ್ಯಾಕ್ರಿ ತಾಯಿ," ಎಂದರು. ಮತ್ತೆ ಯಾರು ಹೋಗುತ್ತಾರೆ ಎಂದು ಸುತ್ತ ನೋಡಿದರು. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು.

ಆಗ ಆಕೆ ಎದ್ದು ನಿಂತಳು. "ಅಕ್ಕಾರ ಬದಲಿ ನಾ ಹೋಗ್ತೀನ್ರಿ ಸರ."

ನಾನು ಆಕೆಯ ಸೆರಗು ಎಳೆದೆ. ಕೂಸು ಎಂದೆ. ಆಕೆ ಬಗ್ಗಿ ನನ್ನ ಕಿವಿಯಲ್ಲಿ, "ಏನರ ವ್ಯವಸ್ಥಾ ಮಾಡ್ತೀನ್ರಿ. ನಿಮ್ಮ ಪೂಜಾದಾಗ ನನ್ನ ಕೂಸಿಗೂ ಒಂದೀಟು ಪಾಲು ಬರ್ಲಿ," ಎಂದಳು. ನಾನು ಸೆರಗು ಬಿಟ್ಟೆ. ಅಲ್ಲಿಯೇ ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನನಗೆ ಆ ಕ್ಷಣದಲ್ಲಿ ಆದದ್ದು ನಿರಾಳ, ಅದನ್ನು ಬರೆಯುವಾಗ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಗಂಡನಿಗೆ ಪಾಳಿ ಬದಲಾಗಲಿಲ್ಲ. ನೆರೆಯವರು ಒಂದು ವಾರ ಕೂಸು ನೋಡಿಕೊಂಡು ಕೈಚೆಲ್ಲಿದರು. ಜೂನ್ ಮುಗಿಯುವುದರೊಳಗೆ ಆಕೆ ಕೂಸನ್ನು ಇಂಡಿ ಹತ್ತಿರದ ಹಳ್ಳಿಯಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಬಂದಳು.

ಆ ವಾರದ ಒಂದು ಮಧ್ಯಾಹ್ನ ನನಗೆ ಮರೆಯುವುದಿಲ್ಲ. ನನ್ನ ಪಾಳಿ ಬಿಟ್ಟಿತ್ತು, ಆಕೆಯದು ಶುರುವಾಗುತ್ತಿತ್ತು. ಗೇಟಿನಲ್ಲಿ ಎದುರಾದಳು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು. ಹಾಲು ಇನ್ನೂ ಬತ್ತಿರಲಿಲ್ಲ. ಕುಬಸದ ಮುಂಭಾಗವೆಲ್ಲ ತೊಯ್ದಿತ್ತು, ಸೆರಗಿನ ಮೇಲೂ ಕಲೆ ಮೂಡಿತ್ತು. ಒಳಗೆ ನಲವತ್ತು ಮಕ್ಕಳು ಕಾಯುತ್ತಿದ್ದರು.

ಆಕೆಯನ್ನು ಗಂಟೆ ಬಾರಿಸುವ ಕೋಣೆಯ ಹಿಂದೆ ಕರೆದುಕೊಂಡು ಹೋದೆ. ನನ್ನ ಚೀಲದಲ್ಲಿ ಯಾವಾಗಲೂ ಮೆತ್ತನೆಯ ಹಳೆ ಸೀರೆಯ ಮಡಿಕೆಗಳಿರುತ್ತಿದ್ದವು, ಯಾಕೆಂದು ಹೇಳಬೇಕಾಗಿಲ್ಲ. ಎರಡು ತೆಗೆದು, ಎಂಟು ಪದರ ಮಾಡಿ, ಒಳಗೆ ಹೇಗೆ ಇಟ್ಟುಕೊಂಡರೆ ಹೊರಗೆ ಉಬ್ಬು ಕಾಣುವುದಿಲ್ಲ, ಪಿನ್ನು ಎಲ್ಲಿ ಹಾಕಬೇಕು, ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು ಎಂದು ತೋರಿಸಿಕೊಟ್ಟೆ. ಸೋರುವ ಮೈಯನ್ನು ಜನರ ಕಣ್ಣಿನಿಂದ ಮುಚ್ಚಿಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಪುಣೆಯಲ್ಲಿ ಇರಲಿಕ್ಕಿಲ್ಲ.

ಆಕೆ ಕಣ್ಣೊರೆಸಿಕೊಂಡು ಕೇಳಿದಳು, "ಅಕ್ಕಾರ, ಮದವಿ ಇಲ್ಲ ಮಕ್ಕಳಿಲ್ಲ, ನಿಮಗ ಇದೆಲ್ಲಾ ಹ್ಯಾಂಗ ಗೊತ್ರಿ?"

ಅದೊಂದು ಸಲ ಬಾಯಿಯವರೆಗೂ ಬಂದಿತ್ತು. ಸುತ್ತ ಯಾರೂ ಇರಲಿಲ್ಲ, ಆಕೆಯ ಕೈ ನನ್ನ ಕೈಯಲ್ಲಿತ್ತು. "ವೈನೀದು ಬಾಣಂತನ ಮಾಡಿದ್ದೆ," ಎಂದೆ. ಅತ್ತಿಗೆಯ ಬಾಣಂತನ ಆಕೆಯ ತವರಿನಲ್ಲಿ ಆಗಿತ್ತು, ನಾನು ನೋಡಲೂ ಹೋಗಿರಲಿಲ್ಲ. ಆಮೇಲೆ ಗಡಿಬಿಡಿಯಿಂದ ಬಸ್ಸು ಹಿಡಿದೆ, ಎರಡು ಗಂಟೆಗೆ ತಡವಾಗುತ್ತಿತ್ತು.

ಆ ಎರಡು ವರ್ಷ ನಾವು ಭೇಟಿಯಾಗುತ್ತಿದ್ದದ್ದು ಗೇಟಿನಲ್ಲಿ, ಎರಡೋ ಮೂರೋ ನಿಮಿಷ. ಆಕೆ ದಿನವೂ ಎಲೆಯಲ್ಲಿ ಸುತ್ತಿದ ಹೂವು ತರುತ್ತಿದ್ದಳು, ಎರಡರ ಪೂಜೆಗೆ ಎಂದು. ದಾಸವಾಳ, ಕಣಗಿಲೆ, ಸಿಕ್ಕಿದ್ದು. ಅದನ್ನು ಏನು ಮಾಡುವುದು? ಮೊದಮೊದಲು ಕಿಟಕಿಯಲ್ಲಿ ಇಡುತ್ತಿದ್ದೆ. ಆಮೇಲೆ ಮನಸ್ಸು ಕೇಳದೆ ಗೋಡೆಯ ಮೇಲಿದ್ದ ದೇವರ ಪಟಕ್ಕೆ ಏರಿಸಿ, ಇದು ಆಕೆಯದು, ನನ್ನದಲ್ಲ ಎಂದು ಹೇಳಿ, ಬಕೆಟ್ಟು ಹಿಡಿದು ಕೆಳಗಿಳಿಯುತ್ತಿದ್ದೆ.

ಎರಡು ವರ್ಷದ ಮೇಲೆ ಆಕೆಗೆ ಬೆಳಗಿನ ಪಾಳಿ ಸಿಕ್ಕಿತು. ಮಗಳನ್ನು ಕರೆತಂದಳು. ಆ ಮಗು ಅಜ್ಜಿಯನ್ನು ಅವ್ವ ಎನ್ನುತ್ತಿತ್ತು, ಹೆತ್ತವಳನ್ನು ಪುಣೇದಾಕಿ. "ಪುಣೇದಾಕಿ ನೀರು ಕೊಡು ಅಂತಾಳ್ರಿ ನನಗ," ಎಂದು ಆಕೆ ಬಿಡುವಿನ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿ ನಕ್ಕಳು. ಎಲ್ಲರೂ ನಕ್ಕರು. ನಾನು ವಹಿ ತಿದ್ದುತ್ತಿದ್ದೆ. ಒಂದೇ ಲೆಕ್ಕವನ್ನು ಮೂರು ಸಲ ತಪ್ಪು ತಿದ್ದಿದೆ.

ಎಂಬತ್ತರ ದಶಕದಲ್ಲಿ ವಾಡೆಯ ಮಾಲಕರು ವಾಡೆ ಮಾರಿದರು. ನಾನು ಊರಂಚಿನ ಕೋಥರೂಡಕ್ಕೆ ಹೋದೆ. ಆಗ ಅಲ್ಲಿ ಗುಡ್ಡ, ಬಯಲು, ನಡುನಡುವೆ ಹೊಸ ಕಟ್ಟಡಗಳು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೋಣೆ, ಅಡುಗೆಮನೆ, ಮತ್ತು ಒಳಗೇ ಸಂಡಾಸ. ನಲ್ಲಿ ಕೂಡ ಒಳಗೇ. ಮೊದಲ ದಿನ ಒಂದೂವರೆ ಗಂಟೆ ಸುಮ್ಮನೆ ಕೂತಿದ್ದೆ, ರಾಜಯೋಗವೆಂದರೆ ಇದೇ ಎನ್ನಿಸಿತು. ಒಂದು ತಿಂಗಳ ಮೇಲೆ ಇನ್ನೊಂದು ತಿಳಿಯಿತು. ವಾಡೆಯಲ್ಲಿ ಯಾರಿಗೂ ಹೇಳದಿದ್ದರೂ ಸುತ್ತ ಜನರ ಗೊರಕೆಯಾದರೂ ಕೇಳುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. ಉಪವಾಸದ ಸುಳ್ಳು ಹೇಳಲಿಕ್ಕೂ ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ.

ಹನ್ನೆರಡು ವರ್ಷ ಎಂದು ಅಂದು ಬಾಯಿಗೆ ಬಂದದ್ದನ್ನು ಹೇಳಿದ್ದೆ. ಹನ್ನೆರಡು ವರ್ಷವೂ ಒಂದು ದಿನ ಮುಗಿಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಆಕೆ ಮಾತ್ರ ನೆನಪಿಟ್ಟಿದ್ದಳು. ಒಂದು ರವಿವಾರ ಹನ್ನೊಂದು ಗಂಟೆಗೆ, ಎರಡು ಬಸ್ಸು ಬದಲಿಸಿ, ಕೋಥರೂಡಕ್ಕೆ ಬಂದಳು. ಕುಳಿತವಳೇ ಹೇಳಿದಳು:

"ಅಕ್ಕಾರ, ಈ ಶ್ರಾವಣಕ್ಕ ನಿಮ್ಮ ಸಂಕಲ್ಪ ಮುಗೀತದ. ಉದ್ಯಾಪನಿ ಮಾಡಬೇಕಲ್ರಿ? ವ್ರತ ಹಿಡದ ಮ್ಯಾಲೆ ಉದ್ಯಾಪನಿ ಮಾಡದ ಬಿಟ್ರ ಫಲ ಹತ್ತೂದಿಲ್ಲಂತ. ಹನ್ನೆರಡ ಜೋಡಿ ದಂಪತಿಗೆ ಊಟ. ಅಡಗಿ ಎಲ್ಲಾ ನಂದು, ನೀವು ಕುಂತ ನೋಡ್ರಿ ಸಾಕು. ಶಾಲಿಯವರಿಗೆಲ್ಲಾ ಹೇಳಿಬಿಟ್ಟೀನಿ."

ಬೇಡ ತಂಗಿ ಎಂದೆ. ಆಕೆ ಕೇಳಲಿಲ್ಲ. ಸರಿ, ಇಷ್ಟು ಸುಳ್ಳಿನ ಮೇಲೆ ಇನ್ನೊಂದು ಊಟವಾದರೆ ಆಗಲಿ, ಅಂದು ನನ್ನ ಉಪವಾಸವೆಂದರಾಯಿತು ಎಂದು ಒಳಗೊಳಗೇ ಒಪ್ಪಿಕೊಂಡಿದ್ದೆ. ಆಗ ಆಕೆ ದನಿ ತಗ್ಗಿಸಿದಳು.

"ಇನ್ನೊಂದ ಮಾತ್ರಿ. ನನ್ನ ಮಗಳಿಗೆ ಈ ಪೂಜಾ ದಾಟಸ್ರಿ. ನಿಮ್ಮದು ಮುಗದ ದಿನಾನ ಆಕಿ ಹಿಡೀಲಿ. ಹದಿಮೂರ ವರ್ಷದಾಕಿ ಆಗ್ಯಾಳ. ನನ್ನ ಕೂಡ ಎರಡ ಮಾತು ನೆಟ್ಟಗ ಆಡೂದಿಲ್ಲ. ರಜಾ ಬಿಟ್ರ ಅಜ್ಜಿ ಕಡೆ ಓಡ್ತಾಳ. ನಿಮ್ಮಂಗ ದಿನಾ ಎರಡಕ್ಕ ಮೌನ ಹಿಡದು ಕುಂತ್ರ ಮನಸ್ಸು ಶಾಂತ ಆಗಬಹುದು. ನನ್ನ ಹತ್ರ ಬರಬಹುದು."

ಆ ಮಗುವನ್ನು ಒಮ್ಮೆ ತಾಯಿಯಿಂದ ಬಿಡಿಸಿದ್ದು ಈ ಪೂಜೆ. ಈಗ ಅದೇ ಪೂಜೆಗೆ ಮಗುವನ್ನು ಹನ್ನೆರಡು ವರ್ಷ ಕೂರಿಸಲು ಆಕೆ ಹೊರಟಿದ್ದಳು. ಅಷ್ಟು ದೂರ ನನ್ನಿಂದಾಗಲಿಲ್ಲ.

"ಪೂಜಾ ಇಲ್ಲ ತಂಗಿ," ಎಂದೆ.

"ಅಂದ್ರ?"

ಹೇಳಿದೆ. ಮೆಟ್ಟಿಲಿನಿಂದ ಹಿಡಿದು, ನರ್ಸಬಾಯಿ, ಕೈಚೀಲ, ಎಣ್ಣೆ, ಬಸ್ಸು, ಎಲ್ಲ ಹೇಳಿದೆ. ಹೇಳುವಾಗ ಆಕೆಯ ಮುಖ ನೋಡಲಿಲ್ಲ, ನೆಲದ ಫರಸಿಯ ಗೆರೆ ನೋಡುತ್ತಿದ್ದೆ. ಹದಿನೈದು ವರ್ಷದ ಮಾತು ಹತ್ತು ನಿಮಿಷಕ್ಕೆ ಮುಗಿಯಿತು.

ಆಕೆ ಕೇಳಿದಳು, "ಒಂದ ದಿನಾನೂ ಪೂಜಾ ಮಾಡಿಲ್ಲೇನ್ರಿ?"

"ಇಲ್ಲ."

"ಎರಡ ವರ್ಷ ನಾ ದಿನಾ ಎರಡಕ್ಕ ಕ್ಲಾಸಿನೊಳಗ ಹುಡುಗರಿಗೆ ಬರ್ಯಾಕ ಹಚ್ಚಿ, ಕಣ್ಣ ಮುಚ್ಚಿ ಕೈ ಮುಗೀತಿದ್ನಿ. ಅಕ್ಕಾರು ಈಗ ಕುಂತಿರ್ತಾರ, ನನ್ನ ಕೂಸಿಂದು ಹೇಳ್ತಿರ್ತಾರ ಅಂತ."

ಆ ಹೊತ್ತಿಗೆ ನಾನು ಎಲ್ಲಿ ಕುಳಿತಿರುತ್ತಿದ್ದೆ ಎಂದು ಈಗ ಇಬ್ಬರಿಗೂ ಗೊತ್ತಿತ್ತು. ಆಕೆ ನಗುತ್ತಾಳೇನೋ ಎಂದು ಒಂದು ಕ್ಷಣ ಅನ್ನಿಸಿತು, ನಕ್ಕಿದ್ದರೆ ನಾನೂ ನಗುತ್ತಿದ್ದೆ. ಆಕೆ ನಗಲಿಲ್ಲ.

"ನನಗರೆ ಯಾಕ ಹೇಳಲಿಲ್ರಿ?"

"ನಾಚಿಕಿ ಬಂತು."

"ನಾಚಿಕಿ?" ಆಕೆ ಎದ್ದು ನಿಂತಳು. "ಅವತ್ತ ನಾ ಹತ್ತ ತಿಂಗಳ ಕೂಸಿನ ತಾಯಿ. ದಿನಾ ಹೇಲು ಬಳಿಯಾಕಿ, ತೊಳಿಯಾಕಿ. ನನ್ನ ಮುಂದ ಎಂಥಾ ನಾಚಿಕಿ ರೀ? ಹೇಳಿದ್ರ ಇಬ್ರೂ ಕೂಡಿ ಏನರ ಹಾದಿ ಹುಡುಕ್ತಿದ್ವಿ. ಹೇಳದ, ಆ ಕೆಲಸಾನೂ ನನ್ನ ಕೈಯಿಂದ ಬಿಡಿಸಿದ್ರಿ. ನನ್ನ ಮಗಳ ಹೇಲು ತೊಳೆಯೂದು ಸುದ್ದಾ ನನಗ ಸಿಗಲಿಲ್ಲ."

ಚಪ್ಪಲಿ ಮೆಟ್ಟಿಕೊಂಡಳು. ಚಹಾ ಆರಿ ಕೆನೆಗಟ್ಟಿತ್ತು. ಬಸ್ ಸ್ಟಾಪಿನವರೆಗೆ ಬರುತ್ತೇನೆ ಎಂದೆ. ಬೇಡ, ನಿಮ್ಮ ಹೊತ್ತಾಗುತ್ತದೆ ಎಂದಳು. ವ್ಯಂಗ್ಯಕ್ಕೆ ಹೇಳಲಿಲ್ಲ, ನಿಜವಾಗಿಯೇ ಹೇಳಿದಳು, ಅದೇ ನನಗೆ ತಡೆಯಲಾಗಲಿಲ್ಲ. ಅಂದು ಎರಡು ಗಂಟೆಗೆ ಹೋಗಿ ಕೂತೆ. ನಾಲ್ಕಾದರೂ ಏನೂ ಆಗಲಿಲ್ಲ. ಮೂರು ದಿನ ಆಗಲಿಲ್ಲ.

ನಾಲ್ಕನೆಯ ದಿನ ಹೆದರುತ್ತ ಶಾಲೆಗೆ ಹೋದೆ. ಎಲ್ಲರಿಗೂ ಗೊತ್ತಾಗಿರುತ್ತದೆ, ಗಂಡಸರು ಮುಖ ತಿರುಗಿಸುತ್ತಾರೆ, ಹೆಂಗಸರು ಕುರ್ಚಿ ಸರಿಸುತ್ತಾರೆ ಎಂದು ಸಿದ್ಧಳಾಗಿ ಹೋದೆ. ಎಲ್ಲರೂ ಎದ್ದು ನಿಂತು ಕೈಮುಗಿದರು. ಹನ್ನೆರಡು ವರ್ಷದ ಸಂಕಲ್ಪ ಮುಗಿಸಿದಿರಂತೆ, ಉದ್ಯಾಪನೆಯನ್ನು ಯಾರನ್ನೂ ಕರೆಯದೆ ಮನೆಯಲ್ಲೇ ಮಾಡಿಕೊಂಡಿರಂತೆ ಎಂದರು. ಆಕೆಯೇ ಹೇಳಿದ್ದಳು. ತಾನು ಅಲ್ಲಿ ಇದ್ದೆ, ಕಣ್ಣಾರೆ ನೋಡಿದೆ ಎಂದೂ ಹೇಳಿದ್ದಳಂತೆ. ನನ್ನ ಸುಳ್ಳನ್ನು ನನಗಾಗಿ ತಾನೇ ಮುಗಿಸಿಕೊಟ್ಟಿದ್ದಳು.

ಬಿಡುವಿನಲ್ಲಿ ಆಕೆ ತನ್ನ ಡಬ್ಬಿ ತೆಗೆದುಕೊಂಡು ಉಳಿದವರ ಜೊತೆ ದೊಡ್ಡ ಮೇಜಿಗೆ ಹೋಗಿ ಕುಳಿತಳು. ಆಮೇಲೂ ಮೂರು ವರ್ಷ ಅದೇ ಶಾಲೆಯಲ್ಲಿದ್ದೆವು. ಹಾಜರಿ ಪುಸ್ತಕ, ಪರೀಕ್ಷೆಯ ಕಾಗದ, ಸೀಮೆಸುಣ್ಣದ ಡಬ್ಬಿ ಬೇಕಾದಾಗ ಮಾತ್ರ ನನ್ನೊಡನೆ ಮಾತಾಡುತ್ತಿದ್ದಳು.